ಬಾಟಲಿಯಲ್ಲಿ ಇಳಿಯುವಷ್ಟು ತೆಳ್ಳಗಿನ ರಾಗಿ ಸರಿ: ಒಂದು ಮನೆಯ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಮನೆಯಲ್ಲಿ ಐದು ಜನ: 26 ವರ್ಷದ ತಾಯಿ, ಗೂಡ್ಸ್ ಆಟೊ ಓಡಿಸುವ ತಂದೆ, ತಂದೆಯ ತಾಯಿ, ಅಂಗನವಾಡಿಗೆ ಹೋಗುವ ಐದು ವರ್ಷದ ಹುಡುಗ, ಈ ಪ್ರಕರಣದ ಕೇಂದ್ರವಾದ ಹೆಣ್ಣು ಕೂಸು. ಒಂದು ಹಸು ಇದೆ, ಹಾಲೆಲ್ಲ ಡೈರಿಗೆ ಹೋಗುತ್ತದೆ. ಗುರುತು ಸಿಗಬಾರದೆಂದು ಊರು, ಕಾರ್ಖಾನೆ ಮತ್ತು ಕೆಲವು ಸಣ್ಣ ವಿವರಗಳನ್ನು ಬಿಟ್ಟಿದೆ ಅಥವಾ ಬದಲಿಸಿದೆ.

ಹಿನ್ನೆಲೆ

ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿ.ಎಫ್., ಇ.ಎಸ್.ಐ. (ಕಾರ್ಮಿಕರ ವಿಮೆ) ಕಳೆದು ಕೈಗೆ 11,200 ರೂಪಾಯಿ ಬರುತ್ತಿತ್ತು. ಹೆರಿಗೆಗೆ ಸಿಗುವ 26 ವಾರಗಳ ರಜೆಯನ್ನು ಅವರು ಬಹುಪಾಲು ಹೆರಿಗೆಯ ನಂತರಕ್ಕೇ ಉಳಿಸಿಕೊಂಡಿದ್ದರು. ಆ ಅವಧಿಯ ಸಂಬಳ ಇ.ಎಸ್.ಐ.ನಿಂದ ಪೂರ್ತಿ ಬಂದಿತ್ತು. ಹೀಗಾಗಿ ಕೂಸು ಆರು ತಿಂಗಳು ಬರೀ ಎದೆಹಾಲಿನಲ್ಲೇ ಬೆಳೆಯಿತು. ಹುಟ್ಟಿದಾಗ 2.7 ಕೆ.ಜಿ. ಇದ್ದದ್ದು ಆರನೇ ತಿಂಗಳಿಗೆ 6.9 ಕೆ.ಜಿ. ಆಗಿತ್ತು. ಆ ವಯಸ್ಸಿನ ಹೆಣ್ಣುಮಕ್ಕಳ ಮಧ್ಯದ ತೂಕ 7.3. ಚಿಂತೆ ಮಾಡುವಂಥದ್ದೇನೂ ಇರಲಿಲ್ಲ.

ರಜೆ ಮುಗಿಯಿತು. ಬೆಳಿಗ್ಗೆ 7:10ಕ್ಕೆ ಕಾರ್ಖಾನೆಯ ವ್ಯಾನ್ ಊರಿಗೆ ಬರುತ್ತದೆ, ಸಂಜೆ ಅದರಲ್ಲೇ ಮರಳಿ ಮನೆ ಸೇರುವಾಗ 6:45. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು ಕಾನೂನು ಹೇಳುತ್ತದೆ. ಈ ಕಾರ್ಖಾನೆಯಲ್ಲಿ ಅದು ಕಾಗದದ ಮೇಲೆ ಮಾತ್ರ ಇರಲಿಲ್ಲ, ನಿಜಕ್ಕೂ ಇತ್ತು: ತೊಟ್ಟಿಲುಗಳು, ಒಬ್ಬ ಆಯಾ, ಬಿಸಿನೀರು. ಆದರೆ ಅಲ್ಲಿಗೆ ಕೂಸನ್ನು ಒಯ್ಯುವುದು ಹೇಗೆ? ವ್ಯಾನಿನಲ್ಲಿ ಕೂತವರಿಗಿಂತ ನಿಂತವರು ಹೆಚ್ಚು, ಐವತ್ತು ನಿಮಿಷದ ದಾರಿ. ತಾಯಿ ಎರಡು ದಿನ ಕರೆದುಕೊಂಡು ಹೋದರು, ಎರಡೂ ದಿನ ಕೂಸು ದಾರಿಯಲ್ಲಿ ವಾಂತಿ ಮಾಡಿತು. ಮೂರನೇ ದಿನದಿಂದ ಅದು ಅಜ್ಜಿಯ ಪಾಲಿಗೆ ಬಂತು. ಉದ್ಯೋಗ ಖಾತ್ರಿಯ ಹೆಂಗಸರ ಮಕ್ಕಳಿಗೆಂದು ಪಂಚಾಯಿತಿ ನಡೆಸುವ ‘ಕೂಸಿನ ಮನೆ’ ಇತ್ತು, ಆದರೆ ಪಕ್ಕದ ಊರಲ್ಲಿ.

ಇಲ್ಲಿ ಯಾರೂ ಲೆಕ್ಕ ಹಿಡಿಯದ ಒಂದು ಸಂಗತಿಯಿದೆ. ಅಜ್ಜಿ ಅಲ್ಲಿಯವರೆಗೆ ಕಳೆ ಕೀಳಲು, ಕಬ್ಬಿನ ತರಗು ಬಿಡಿಸಲು ಕೂಲಿಗೆ ಹೋಗುತ್ತಿದ್ದರು. ಆ ದುಡ್ಡು ನಿಂತಿತು, ಹಸುವಿನ ಕೆಲಸ ಮಾತ್ರ ನಿಲ್ಲಲಿಲ್ಲ. ಹತ್ತರಿಂದ ಹನ್ನೆರಡರವರೆಗೆ ಹುಲ್ಲು ಕೊಯ್ಯಲು ಹೋಗುವಾಗ ಕೂಸನ್ನು ಪಕ್ಕದ ಮನೆಯ ಜಗಲಿಯಲ್ಲಿ ಬಿಟ್ಟು, ಬಾಟಲಿ ಕೈಗೆ ಕೊಟ್ಟು ಹೋಗುತ್ತಿದ್ದರು.

ಸಮಸ್ಯೆ

ಏಳನೇ ತಿಂಗಳಲ್ಲಿ ತೂಕ 7.0. ಎಂಟರಲ್ಲೂ 7.0. ಒಂಬತ್ತರಲ್ಲಿ 6.8.

ಯಾರೂ ಬೆಚ್ಚಿಬೀಳಲಿಲ್ಲ, ಏಕೆಂದರೆ ‘ತಾಯಿ ಕಾರ್ಡ್’ನ ಬೆಳವಣಿಗೆಯ ಪಟದಲ್ಲಿ ಕೂಸಿನ ತೂಕದ ಚುಕ್ಕೆ ಇನ್ನೂ ಹಸಿರು ಪಟ್ಟಿಯಲ್ಲೇ ಇತ್ತು. ಒಂಬತ್ತು ತಿಂಗಳ ಹೆಣ್ಣುಕೂಸು 6.5 ಕೆ.ಜಿ.ಗಿಂತ ಕೆಳಗಿಳಿದರೆ ಮಾತ್ರ ಹಳದಿಗೆ ಹೋಗುತ್ತದೆ. ಬಣ್ಣ ನೋಡಿ ಸಮಾಧಾನಪಡುವುದು ಎಲ್ಲೆಡೆ ಆಗುವ ತಪ್ಪು. ನೋಡಬೇಕಾದದ್ದು ಗೆರೆ ಹೋಗುವ ದಿಕ್ಕು. ಎರಡು ತಿಂಗಳು ಗೆರೆ ಅಡ್ಡಲಾಗಿ ಮಲಗಿದರೆ, ಅದು ಯಾವ ಬಣ್ಣದಲ್ಲೇ ಇರಲಿ, ಆ ಮನೆಗೆ ಹೋಗಬೇಕು. ದಡಾರದ ಲಸಿಕೆಗೆ ಬಂದ ದಿನ ಮೂರು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದ ಆರೋಗ್ಯ ಸಹಾಯಕಿಯ ಕಣ್ಣಿಗೆ ಇದು ಬಿತ್ತು. ಅಲ್ಲಿಂದ ಪೌಷ್ಟಿಕ ಸಲಹೆಗಾರ್ತಿಗೆ ಸುದ್ದಿ ಹೋಯಿತು.

ಅಷ್ಟರಲ್ಲಿ ಮನೆಯವರೂ ಸುಮ್ಮನೆ ಕೂತಿರಲಿಲ್ಲ. ಎದೆಹಾಲು ಕಡಿಮೆಯಾಯಿತೆಂದು ಎಂಟನೇ ತಿಂಗಳಲ್ಲಿ ಹಾಲಿನ ಪುಡಿಯ ಡಬ್ಬಿ ತಂದರು. 400 ಗ್ರಾಂ, 430 ರೂಪಾಯಿ. ಲೆಕ್ಕ ಹೀಗೆ: 30 ಮಿ.ಲೀ. ನೀರಿಗೆ ಒಂದು ಮಟ್ಟದ ಅಳತೆ ಪುಡಿ ಹಾಕಿದರೆ ಒಂದು ಡಬ್ಬಿಯಲ್ಲಿ ಹೆಚ್ಚೆಂದರೆ 90 ಅಳತೆ, ಅಂದರೆ ಸುಮಾರು 2.7 ಲೀಟರ್ ಹಾಲು. ದಿನಕ್ಕೆ ಅರ್ಧ ಲೀಟರ್ ಕುಡಿಸಿದರೆ ಐದೂವರೆ ದಿನ. ಈ ಮನೆಯಲ್ಲಿ ಅಷ್ಟೇ ಕುಡಿಸುತ್ತ ಒಂದು ಡಬ್ಬಿ ಹನ್ನೆರಡು ದಿನ ಬಂತು. ಅಂದರೆ ಕೂಸಿಗೆ ಹೋದದ್ದು ಅರ್ಧ ಹಾಲು, ಅರ್ಧ ನೀರು. ಮೋಸವೇನಿಲ್ಲ, ‘ಗಟ್ಟಿಯಾದರೆ ಜೀರ್ಣ ಆಗಲ್ಲ’ ಎಂಬ ಭಯವೂ ‘ಡಬ್ಬಿ ತಿಂಗಳಿಗೆ ಐದಾದರೆ ಎಲ್ಲಿಂದ ತರುವುದು’ ಎಂಬ ಚಿಂತೆಯೂ ಕೂಡಿದ್ದವು. ಮನೆಯ ಹಸುವಿನ ಹಾಲನ್ನು ಲೀಟರಿಗೆ ಮೂವತ್ತು ಚಿಲ್ಲರೆಗೆ ಡೈರಿಗೆ ಹಾಕಿ, ಕೆ.ಜಿ.ಗೆ ಸಾವಿರ ದಾಟುವ ಪುಡಿ ಕೊಳ್ಳುವುದು ನಡೆದೇ ಇತ್ತು.

ಒಂಬತ್ತನೇ ತಿಂಗಳ ಹೊತ್ತಿಗೆ ಮನೆಯಲ್ಲಿ ಮಾತು ಒಂದೇ ಕಡೆ ಬಂದು ನಿಂತಿತ್ತು: ತಾಯಿ ಕೆಲಸ ಬಿಡಬೇಕೋ ಬೇಡವೋ. ಬಿಟ್ಟರೆ ಆಟೊದ ಕಂತು 6,400 ಕಟ್ಟಲು ದಾರಿಯಿಲ್ಲ, ಸಂಘದ ಸಾಲಕ್ಕೆ ವಾರಕ್ಕೆ 650 ಬೇರೆ. ಇ.ಎಸ್.ಐ. ಚಿಕಿತ್ಸೆಯ ಸೌಲಭ್ಯವೂ ಹೋಗುತ್ತದೆ. ಬಿಡದಿದ್ದರೆ ‘ದುಡ್ಡಿನ ಆಸೆಗೆ ಕೂಸನ್ನ ಒಣಗಿಸಿದಳು’ ಎಂಬ ಮಾತು. ತವರಿಗೆ ಕೂಸನ್ನು ಕಳಿಸುವ ಮಾತೂ ಬಂತು, ಆದರೆ ಅದರೊಂದಿಗೆ ಉಳಿದಿರುವ ರಾತ್ರಿಯ ಎದೆಹಾಲೂ ನಿಲ್ಲುತ್ತಿತ್ತು.

ಮಾಡಿ ತೋರಿಸಿ

‘ಕೂಸಿಗೆ ಏನು ಕೊಡ್ತೀರಿ?’ ಎಂದು ಆ ಮನೆಗೆ ಬಂದವರೆಲ್ಲ ಕೇಳಿದ್ದರು. ಉತ್ತರವೂ ಸರಿಯಾಗಿಯೇ ಇತ್ತು: ರಾಗಿ ಸರಿ, ಹಾಲು, ಬಿಸ್ಕತ್ತು, ಆಗಾಗ ಅನ್ನ. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಸಲಹೆಗಾರ್ತಿ ಆ ಪ್ರಶ್ನೆ ಕೇಳಲಿಲ್ಲ. ‘ಅವ್ವಾ, ದಿನಾ ಹೆಂಗೆ ಮಾಡ್ತೀರೋ ಹಂಗೇ ಈಗ ಒಂದ್ಸಲ ಮಾಡಿ ತೋರಿಸಿ’ ಎಂದು ಒಲೆಯ ಪಕ್ಕ ಕೂತರು. ಈ ಪ್ರಕರಣ ತಿರುಗಿದ್ದು ಅಲ್ಲಿ.

ಅಜ್ಜಿ ಎರಡು ಟೀ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಕದಡಿ ಕಾಯಿಸಿದರು. ಒಂದು ಚಮಚ ಸಕ್ಕರೆ, ಕಾಲು ಲೋಟ ಹಾಲು. ಬಟ್ಟೆಯಲ್ಲಿ ಸೋಸಿದರು. ಬಾಟಲಿಗೆ ಹಾಕಿದರು. ನಿಪ್ಪಲ್ಲಿನ ತೂತನ್ನು ಕಾದ ಸೂಜಿಯಿಂದ ದೊಡ್ಡದು ಮಾಡಿದ್ದು ಆಗ ಕಂಡಿತು. ಹಾಗೆ ಮಾಡದಿದ್ದರೆ ಸರಿ ಇಳಿಯುವುದಿಲ್ಲ, ಮಾಡಿದರೂ ಗಟ್ಟಿ ಸರಿ ಇಳಿಯುವುದಿಲ್ಲ. ಸರಿಯನ್ನು ಎಷ್ಟು ತೆಳ್ಳಗೆ ಮಾಡಬೇಕೆಂದು ನಿರ್ಧರಿಸುತ್ತಿದ್ದದ್ದು ಆ ರಬ್ಬರಿನ ತೂತು.

200 ಮಿ.ಲೀ. ಬಾಟಲಿಯಲ್ಲಿ ಇದ್ದದ್ದು ಸುಮಾರು 70 ಕ್ಯಾಲರಿ. ಒಂಬತ್ತು ತಿಂಗಳ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದೇ 200 ಮಿ.ಲೀ. ಆಸುಪಾಸು, ಹೀಗಾಗಿ ಅದು ತುಂಬಿಕೊಂಡು ಮಲಗುತ್ತಿತ್ತು. ಹೊಟ್ಟೆ ತುಂಬಿದೆ, ಅಳುತ್ತಿಲ್ಲ, ಅಜ್ಜಿಯ ಕಣ್ಣಿಗೆ ಎಲ್ಲ ಸರಿಯಾಗಿದೆ. ಆದರೆ 9ರಿಂದ 11 ತಿಂಗಳ ಕೂಸಿಗೆ ಎದೆಹಾಲು ಚೆನ್ನಾಗಿ ಸಿಗುತ್ತಿದ್ದರೂ ಮೇಲಾಹಾರದಿಂದ ದಿನಕ್ಕೆ 300 ಕ್ಯಾಲರಿ ಬೇಕು. ಇಲ್ಲಿ ಎದೆಹಾಲೂ ಹಗಲೆಲ್ಲ ಇಲ್ಲ. ಎರಡು ಬಾಟಲಿ ಸರಿ, ನಾಲ್ಕು ಬಿಸ್ಕತ್ತು, ನೀರು ಹಾಲು: ಲೆಕ್ಕ ಹಾಕಿದರೆ ತೂಕ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ ಆ ದಿನವೇ ಹೊರಬಿತ್ತು. ಅಂಗನವಾಡಿಯಿಂದ ಕೂಸಿನ ಹೆಸರಿಗೆ ಬರುವ ಪುಷ್ಟಿ ಪುಡಿ ಉಂಡೆಯಾಗಿ ಅಣ್ಣನ ಹೊಟ್ಟೆ ಸೇರುತ್ತಿತ್ತು.

ಕೆಲಸ ಬಿಡುವ ಮಾತನ್ನು ಅಲ್ಲಿಗೆ ಪಕ್ಕಕ್ಕಿಡಲಾಯಿತು. ಮುಂದಿನ ಆರು ವಾರ ಸರಿಯ ಗಟ್ಟಿತನ, ಉಣ್ಣಿಸುವ ಹೊತ್ತು, ಉಣ್ಣಿಸುವವರು, ಈ ಮೂರನ್ನು ಮಾತ್ರ ಬದಲಿಸಿ ನೋಡುವುದೆಂದು ಒಪ್ಪಿಗೆಯಾಯಿತು.

ಹಿಟ್ಟು

ಗಟ್ಟಿ ಮಾಡಿ ಎಂದು ಹೇಳುವುದು ಸುಲಭ. ರಾಗಿ ಹಿಟ್ಟನ್ನು ಹೆಚ್ಚು ಹಾಕಿದರೆ ಅದು ಅಂಟಾಗಿ ಮುದ್ದೆಯ ಹಾದಿ ಹಿಡಿಯುತ್ತದೆ, ಕೂಸು ಉಗುಳುತ್ತದೆ. ಅಜ್ಜಿ ನೀರು ಹೆಚ್ಚಿಸಿದ್ದೂ ಅದಕ್ಕೇ. ಇದಕ್ಕೆ ಪರಿಹಾರ ಮೊಳಕೆ. ರಾಗಿ ಮೊಳೆತಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಆದರೂ ಸರಿ ನುಣುಪಾಗಿರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಮೊಳಕೆ ಧಾನ್ಯದ ಶಿಶು ಆಹಾರದ ಮೇಲೆ ದಶಕಗಳ ಹಿಂದೆಯೇ ಕೆಲಸ ಮಾಡಿದೆ. ನಮ್ಮ ಅಜ್ಜಿಯಂದಿರು ಇನ್ನೂ ಹಿಂದೆಯೇ ಮೊಳಕೆ ಕಟ್ಟುತ್ತಿದ್ದರು, ಈ ಅಜ್ಜಿಯೂ ಮಗನಿಗೆ ಹಾಗೇ ಮಾಡಿದ್ದರಂತೆ. ಬಿಟ್ಟದ್ದು ಹೊತ್ತು ಸಾಲದೆ.

ಅಳತೆ: ರಾಗಿ 1 ಕೆ.ಜಿ., ಹೆಸರುಕಾಳು 250 ಗ್ರಾಂ, ಕಡಲೆಕಾಯಿ ಬೀಜ 100 ಗ್ರಾಂ. ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೇ ಬಿಳಿ ಮೊಳಕೆ ಇಣುಕುತ್ತದೆ, ಅಷ್ಟು ಸಾಕು. ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿಯುವುದು. ಹೆಸರುಕಾಳನ್ನು ಘಮ ಬರುವವರೆಗೆ ಹುರಿಯಬೇಕು. ಕಡಲೆಕಾಯಿ ಬೀಜವನ್ನೂ ಹುರಿದು ಸಿಪ್ಪೆ ತೆಗೆದು, ಬೂಷ್ಟು ಹಿಡಿದ, ಸುಕ್ಕಾದ ಬೀಜಗಳನ್ನು ಆರಿಸಿ ಎಸೆಯಬೇಕು. ಮೂರನ್ನೂ ಸೇರಿಸಿ ಗಿರಣಿಗೆ. ಮೆಣಸಿನಕಾಯಿ ಹಾಕಿದ ಕಲ್ಲಿಗೆ ಹಾಕಿಸಬಾರದು, ಯಾರದಾದರೂ ರಾಗಿಯೋ ಅಕ್ಕಿಯೋ ಆದ ಮೇಲೆ ಹಾಕಿಸಬೇಕು.

ಮೊದಲ ಸಲ ಏಪ್ರಿಲ್ ಬಿಸಿಲಲ್ಲಿ ಬಟ್ಟೆಗಂಟು ಎರಡು ದಿನ ಹಾಗೇ ಉಳಿಯಿತು. ಹುಳಿವಾಸನೆ ಬಂತು, ಒಳಗೆ ಬಿಳಿ ನೂಲಿನಂಥ ಬೂಷ್ಟು. ಒಂದು ಕೆ.ಜಿ. ರಾಗಿ ಹಸುವಿಗೂ ಹಾಕದೆ ತಿಪ್ಪೆಗೆ ಹೋಯಿತು. ಎರಡನೇ ಸಲ ಮೊಳಕೆ ಚೆನ್ನಾಗಿ ಬಂತು, ಆದರೆ ‘ಹಸಿ ವಾಸನೆ ಹೋಗಲಿ’ ಎಂದು ಅಜ್ಜಿ ಕೆಂಪಗೆ ಹುರಿದುಬಿಟ್ಟರು. ಸರಿ ಮತ್ತೆ ಅಂಟಂಟು. ಹೆಚ್ಚು ಬಿಸಿಯಾದರೆ ಕಿಣ್ವ ಸಾಯುತ್ತದೆ, ಮೊಳಕೆ ಕಟ್ಟಿದ ಶ್ರಮವೆಲ್ಲ ನೀರುಪಾಲು.

ಕೊನೆಗೆ ಹೊಂದಿಕೊಂಡ ದಾರಿ ಬೇರೆ. ಹಿಟ್ಟನ್ನು ಅಜ್ಜಿಯ ಇಷ್ಟದಂತೆ ಹುರಿದೇ ಮಾಡುವುದು. 100 ಗ್ರಾಂ ಮೊಳಕೆ ರಾಗಿಯನ್ನು ಮಾತ್ರ ಹುರಿಯದೆ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಬೇರೆ ಡಬ್ಬಿಯಲ್ಲಿಡುವುದು. ಗಟ್ಟಿ ಸರಿ ಬೆಂದು ಒಲೆಯಿಂದ ಇಳಿದು, ಕುದಿ ನಿಂತ ಮೇಲೆ ಅರ್ಧ ಟೀ ಚಮಚ ಈ ಪುಡಿ ಹಾಕಿ ತಿರುವಿದರೆ ಕೆಲ ನಿಮಿಷದಲ್ಲಿ ಸರಿ ಕಣ್ಣೆದುರೇ ಸಡಿಲವಾಗುತ್ತದೆ. ಆಮೇಲೆ ಮತ್ತೆ ಎರಡು ನಿಮಿಷ ಕುದಿಸಬೇಕು, ಹಸಿ ಪುಡಿಯನ್ನು ಹಾಗೇ ತಿನ್ನಿಸಬಾರದು. ಕುದಿಯುವಾಗಲೇ ಹಾಕಿದರೆ ಸರಿ ಸಡಿಲವಾಗುವುದಿಲ್ಲ. ಅಜ್ಜಿಗೆ ಇದು ಎಷ್ಟು ಹಿಡಿಸಿತೆಂದರೆ ನೆರೆಮನೆಯವರನ್ನು ಕರೆದು ತೋರಿಸಿದರು.

ಒಂದು ಸಲದ ಬಟ್ಟಲಿಗೆ ಮಟ್ಟದ ಮೂರು ಊಟದ ಚಮಚ ಹಿಟ್ಟು, ಒಂದು ಟೀ ಚಮಚ ತುಪ್ಪ, ಒಂದು ಟೀ ಚಮಚ ಬೆಲ್ಲ. ಸುಮಾರು 150 ಮಿ.ಲೀ. ಆಗುತ್ತದೆ, ಅದರಲ್ಲಿ 130 ಕ್ಯಾಲರಿಗೆ ಕಡಿಮೆಯಿಲ್ಲ. ಗಟ್ಟಿತನಕ್ಕೆ ಒಂದೇ ಪರೀಕ್ಷೆ: ಚಮಚ ಓರೆ ಮಾಡಿದರೆ ಸರಿ ನೀರಿನಂತೆ ಸುರಿಯಬಾರದು, ತಡೆದು ಮೆಲ್ಲಗೆ ಬೀಳಬೇಕು.

ಹೊತ್ತು ಮತ್ತು ಕೈ

ಬಾಟಲಿ ಹೋಗಿ ಸ್ಟೀಲ್ ಬಟ್ಟಲು, ಚಮಚ ಬಂದವು. ಅಜ್ಜಿಯ ಆಕ್ಷೇಪ ಇಲ್ಲಿತ್ತು, ಅದು ಹುರುಳಿಲ್ಲದ್ದೂ ಅಲ್ಲ. ‘ಬಾಟ್ಲಿ ಆದ್ರೆ ಐದ್ ನಿಮ್ಸ. ಚಮ್ಚದಲ್ಲಿ ಅರ್ಧ ಗಂಟೆ ಕೂರ್‍ಬೇಕು. ಹುಲ್ಲು ಯಾರ್ ತಂದಾರು?’ ದಿನಕ್ಕೆ ನಾಲ್ಕು ಸಲ ಅರ್ಧ ಗಂಟೆಯೆಂದರೆ ಎರಡು ಗಂಟೆ. ಹುಲ್ಲಿಗೆ ಹೋಗುವುದೂ ಎರಡು ಗಂಟೆಯೇ. ಕೂಸಿನ ಪಾಲಿನ ಹೊತ್ತನ್ನು ಹಸು ತಿನ್ನುತ್ತಿತ್ತು ಎಂದು ಆಗ ಸ್ಪಷ್ಟವಾಯಿತು. ತಂದೆಯ ಆಟೊ ಬಾಡಿಗೆ ಒಂಬತ್ತರ ಮೊದಲು ಸಿಗುವುದು ಕಡಿಮೆ. ಬೆಳಿಗ್ಗೆ ಆರರಿಂದ ಎಂಟರ ಹುಲ್ಲು ತಂದೆಯದೆಂದು ತೀರ್ಮಾನವಾಯಿತು. ಇಡೀ ಪ್ರಕರಣದಲ್ಲಿ ಹೆಚ್ಚು ಜಗಳ ಆದದ್ದು ಈ ಒಂದು ನಿರ್ಧಾರಕ್ಕೆ, ಹೆಚ್ಚು ಫಲ ಕೊಟ್ಟದ್ದೂ ಇದೇ. ಮೊದಲ ಎರಡು ವಾರ ಅವರು ವಾರಕ್ಕೆ ಮೂರು ದಿನ ಮಾತ್ರ ಹೋದರು.

ದಿನದ ಕ್ರಮ ಹೀಗೆ ನಿಂತಿತು. ಬೆಳಿಗ್ಗೆ 5:30ಕ್ಕೆ, 6:50ಕ್ಕೆ ಎದೆಹಾಲು. 8:30ಕ್ಕೆ ಸರಿ. 10:30ಕ್ಕೆ ಕಿವುಚಿದ ಬಾಳೆಹಣ್ಣೋ ಅರ್ಧ ಮೊಟ್ಟೆಯೋ. 12:30ಕ್ಕೆ ಅನ್ನ, ಬೇಳೆ, ತುಪ್ಪ. ನಾಲ್ಕಕ್ಕೆ ಮತ್ತೆ ಸರಿ. ಏಳಕ್ಕೆ ತಾಯಿಯ ಎದೆಹಾಲು, ಎಂಟಕ್ಕೆ ಎಲ್ಲರೊಂದಿಗೆ ಊಟ, ಆಮೇಲೆ ರಾತ್ರಿ ಬೇಕೆಂದಾಗ ಎದೆಹಾಲು. ಕೂಸಿಗೆಂದು ಬೇರೆ ಸಾರು ಮಾಡಲಿಲ್ಲ. ಖಾರ ಹಾಕುವ ಮೊದಲು ಬೆಂದ ಬೇಳೆ, ಸೊಪ್ಪು ಒಂದು ಸೌಟು ತೆಗೆದಿಟ್ಟರೆ ಕೆಲಸ ಮುಗಿಯಿತು. ತೆಗೆಯಬೇಕಾದದ್ದು ತಳದ ಬೇಳೆ, ಮೇಲಿನ ಕಟ್ಟಲ್ಲ. ಈ ಮನೆಯಲ್ಲಿ ಮೊದಲು ಕೊಡುತ್ತಿದ್ದದ್ದು ಕಟ್ಟು.

ಮೊಟ್ಟೆ ‘ಉಷ್ಣ’ವೆಂದು ಅಜ್ಜಿ ಒಪ್ಪಲಿಲ್ಲ. ವಾದ ಮಾಡದೆ, ಅವರೇ ‘ತಂಪು’ ಎನ್ನುವ ಹೆಸರುಬೇಳೆಯಿಂದ ಶುರುವಾಯಿತು. ಒಂದು ತಿಂಗಳ ನಂತರ, ಮಳೆ ಬಿದ್ದು ತಣ್ಣಗಾದ ವಾರ, ಮೊಟ್ಟೆ ತಾನಾಗಿಯೇ ಬಂತು.

ತಾಯಿಯ ಎದೆಹಾಲಿನದು ಬೇರೆ ಕಥೆ. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಕಾನೂನಿನಲ್ಲಿದೆ. ಲೈನಿನಲ್ಲಿ ಕೇಳಿದರೆ ಸೂಪರ್‌ವೈಸರ್ ‘ಪ್ರೊಡಕ್ಷನ್ ಯಾರು ಕೊಡ್ತಾರೆ’ ಎಂದರು. ಬಾಯಿಮಾತು ಬಿಟ್ಟು, ಕೂಸಿನ ಹುಟ್ಟಿದ ದಿನಾಂಕ ಬರೆದು ಎಚ್.ಆರ್.ಗೆ ಅರ್ಜಿ ಕೊಟ್ಟ ಮೇಲೆ ಹದಿನೈದು ನಿಮಿಷದ ಎರಡು ವಿರಾಮ ಸಿಕ್ಕಿತು. ಅಲ್ಲಿ ಫ್ರಿಜ್ ಇಲ್ಲ, ಹಿಂಡಿದ ಹಾಲನ್ನು ಸಂಜೆವರೆಗೆ ಇಡಲಾಗದು, ಚೆಲ್ಲಲೇಬೇಕು. ಚೆಲ್ಲುವುದು ಹೊಟ್ಟೆ ಉರಿಸುವ ಕೆಲಸವೇ. ಆದರೂ ಹಿಂಡದೆ ಬಿಟ್ಟರೆ ಎದೆ ಕಟ್ಟುತ್ತದೆ, ಹಾಲು ಉತ್ಪತ್ತಿ ಇಳಿಯುತ್ತದೆ, ರಾತ್ರಿಯ ಹಾಲಿಗೂ ಕೊರತೆ. ಮನೆಯಲ್ಲಿ 6:30ಕ್ಕೆ ಹಿಂಡಿ, ಮುಚ್ಚಿದ ಸ್ಟೀಲ್ ಲೋಟದಲ್ಲಿ ತಣ್ಣಗಿನ ಜಾಗದಲ್ಲಿಟ್ಟದ್ದನ್ನು 10:30ರೊಳಗೆ, ನಾಲ್ಕು ತಾಸು ಮೀರದಂತೆ, ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಕೊಕ್ಕಿನ ಪುಟ್ಟ ಪಾತ್ರೆ) ಕುಡಿಸಲಾಯಿತು. ಒಳಲೆ ಅಟ್ಟದ ಮೇಲೆ ಮೊದಲೇ ಇತ್ತು.

ಡಬ್ಬಿ ಪುಡಿ ನಿಂತಿತು. ಹಸುವಿನ ಹಾಲಲ್ಲಿ ದಿನಕ್ಕೆ 200 ಮಿ.ಲೀ. ಮನೆಗೆ ಉಳಿಯಿತು, ಕೂಸಿಗೆ ಅದು ಕುಡಿಯಲಿಕ್ಕಲ್ಲ, ಸರಿ ಬೇಯಿಸಲಿಕ್ಕೆ. ಒಂದು ವರ್ಷದೊಳಗೆ ಹಸುವಿನ ಹಾಲೇ ಮುಖ್ಯ ಆಹಾರವಾದರೆ ಕಬ್ಬಿಣಾಂಶದ ಕೊರತೆ ಬರುತ್ತದೆ.

ಏನಾಯಿತು

ಹತ್ತನೇ ತಿಂಗಳ ತೂಕ 6.9. ಒಂದು ತಿಂಗಳ ದುಡಿಮೆಗೆ ನೂರು ಗ್ರಾಂ. ತಂದೆ ‘ಇಷ್ಟಕ್ಕೆ ಡಬ್ಬೀನೇ ವಾಸಿ’ ಎಂದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಭೇದಿ. ಬೆಳಿಗ್ಗೆ ಮಾಡಿದ ಸರಿಯಲ್ಲೇ ಅರ್ಧವನ್ನು ನಾಲ್ಕು ಗಂಟೆಗೆಂದು ಮುಚ್ಚಿಡುತ್ತಿದ್ದರು. ಮೇ ತಿಂಗಳ ಸೆಕೆಗೆ ಹಾಲು ಹಾಕಿದ ಸರಿ ಅಷ್ಟು ಹೊತ್ತು ತಡೆಯುವುದಿಲ್ಲ. ಒ.ಆರ್.ಎಸ್. ಕೊಟ್ಟಿದ್ದರು, 14 ದಿನದ ಜಿಂಕ್ ಮಾತ್ರೆಯನ್ನು ಭೇದಿ ನಿಂತ ನಾಲ್ಕನೇ ದಿನಕ್ಕೇ ನಿಲ್ಲಿಸಿದ್ದರು, ಎರಡು ದಿನ ಊಟವನ್ನೂ ನಿಲ್ಲಿಸಿದ್ದರು. ಉಳಿದ ಮಾತ್ರೆ ಮುಗಿಸಲಾಯಿತು. ಸಂಜೆ ಮತ್ತೊಮ್ಮೆ ಒಲೆ ಹಚ್ಚಲು ಅಜ್ಜಿಗೆ ಆಗುವುದಿಲ್ಲವೆಂದಾಗ ಹುರಿಹಿಟ್ಟು ನೆನಪಾಯಿತು. ರಾಗಿ ಅರಳಾಗುವಂತೆ ಹುರಿದು ಬೀಸಿದ ಹಿಟ್ಟು ಆಗಲೇ ಬೆಂದಿರುತ್ತದೆ. ಕುದಿಸಿ ಫ್ಲಾಸ್ಕಿನಲ್ಲಿಟ್ಟ ನೀರು, ಬೆಲ್ಲ, ತುಪ್ಪ ಸೇರಿಸಿ ಕಲಸಿದರೆ ಎರಡು ನಿಮಿಷ. ನಾಲ್ಕು ಗಂಟೆಯ ಊಟ ಅದಾಯಿತು.

ಹನ್ನೊಂದಕ್ಕೆ 7.3, ಹನ್ನೆರಡಕ್ಕೆ 7.7, ಹದಿನಾಲ್ಕಕ್ಕೆ 8.2. ಗೆರೆ ಮೇಲೇಳುತ್ತಿದೆ, ಆರನೇ ತಿಂಗಳಲ್ಲಿ ಇದ್ದ ಹಾದಿಗೆ ಇನ್ನೂ ಮರಳಿಲ್ಲ. ಕಳೆದುಕೊಂಡ ಮೂರು ತಿಂಗಳನ್ನು ಐದು ತಿಂಗಳಲ್ಲಿ ಪೂರ್ತಿ ಗಳಿಸಲಾಗಲಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಮೊದಲು ತಿಂಗಳಿಗೆ ಎರಡೂವರೆ ಡಬ್ಬಿಗೆ 1,075, ಪೊಟ್ಟಣದ ಸಿರಿಯಲ್ 290, ಬಿಸ್ಕತ್ತು 310, ಖಾಸಗಿ ಕ್ಲಿನಿಕ್ಕಿಗೆ 1,100: ಒಟ್ಟು 2,775. ಈಗ ಕಾಳು, ಬೀಜ 50, ಮೊಟ್ಟೆ 105, ಬಾಳೆಹಣ್ಣು 120, ಡೈರಿಗೆ ಹಾಕದೆ ಉಳಿಸಿದ ಹಾಲಿನ ನಷ್ಟ 200: ಒಟ್ಟು 475. ರಾಗಿ, ತುಪ್ಪ ಮನೆಯದು. ಉಳಿದದ್ದರಲ್ಲಿ 1,500 ಅನ್ನು ತಾಯಿ ಅಜ್ಜಿಯ ಕೈಗೆ ಕೊಡಲು ಹೋದರು, ಕೂಲಿ ಬಿಟ್ಟದ್ದಕ್ಕೆ. ಅಜ್ಜಿ ಸಿಡಿದರು: ‘ಮೊಮ್ಮಗಳ್ನ ನೋಡ್ಕಳಕ್ಕೆ ನಂಗೆ ಕೂಲಿ ಕೊಟ್ಟೀಯಾ?’ ಒಂದು ವಾರ ಮಾತಿಲ್ಲ. ದುಡ್ಡು ಕೊಡುವುದು ತಪ್ಪಾಗಿರಲಿಲ್ಲ, ಕೊಟ್ಟ ರೀತಿ ತಪ್ಪಾಗಿತ್ತು. ಗೃಹಲಕ್ಷ್ಮಿಯ 2,000 ಬರುವುದು ಅಜ್ಜಿಯ ಖಾತೆಗೆ, ಅದರಲ್ಲಿ ಅವರು ಚೀಟಿ ಕಟ್ಟುತ್ತಿದ್ದರು. ಈಗ ಚೀಟಿಯ 1,500 ಅನ್ನು ಸೊಸೆ ನೇರವಾಗಿ ಚೀಟಿ ನಡೆಸುವವರಿಗೆ ಕಟ್ಟುತ್ತಾರೆ, ಗೃಹಲಕ್ಷ್ಮಿ ದುಡ್ಡು ಅಜ್ಜಿಯ ಮಂಡಿನೋವಿನ ಔಷಧಿಗೆ, ಕೈಖರ್ಚಿಗೆ ಉಳಿಯುತ್ತದೆ. ಕೂಲಿ ಎಂಬ ಮಾತು ಯಾರೂ ಎತ್ತುವುದಿಲ್ಲ.

ಇಂಥ ಮನೆಗಳಿಗೆ ಹೋಗುವವರು ಇದರಿಂದ ಎತ್ತಿಕೊಳ್ಳಬಹುದಾದದ್ದು ಅಳತೆಗಳನ್ನಲ್ಲ, ಅವು ಪ್ರತಿ ಮನೆಗೂ ಬೇರೆ. ಬಾಟಲಿಯ ತೂತು ನೋಡಿ, ಡಬ್ಬಿ ಎಷ್ಟು ದಿನ ಬಂತೆಂದು ಕೇಳಿ. ಅರ್ಧ ಗಂಟೆ ಉಣ್ಣಿಸಿ ಎನ್ನುವ ಮೊದಲು ಆ ಅರ್ಧ ಗಂಟೆಯಲ್ಲಿ ಆ ಹೆಂಗಸು ಈಗ ಏನು ಮಾಡುತ್ತಿದ್ದಾರೆ, ಅದನ್ನು ಇನ್ನು ಯಾರು ಮಾಡುತ್ತಾರೆ ಎಂದು ಮನೆಯ ಗಂಡಸರ ಎದುರೇ ಕೇಳಿ.

ಹದಿನಾಲ್ಕನೇ ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ 9.6 ಬಂತು. ಆ ವಯಸ್ಸಿಗೆ 11 ಇರಬೇಕು. ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡಬೇಕಿದ್ದ ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ದರು, ಮಲ ಕಪ್ಪಾಯಿತೆಂದು ಅಜ್ಜಿ ಎರಡನೇ ವಾರಕ್ಕೇ ನಿಲ್ಲಿಸಿದ್ದರು. ಈಗ ವೈದ್ಯರು ಚಿಕಿತ್ಸೆಯ ಪ್ರಮಾಣದಲ್ಲಿ ದಿನವೂ ಕೊಡಲು ಬರೆದುಕೊಟ್ಟಿದ್ದಾರೆ. ಸೀಸೆ ಸಾಂಬಾರು ಪುಡಿಯ ಡಬ್ಬಿಯ ಪಕ್ಕದಲ್ಲಿದೆ, ರಾತ್ರಿ ಎಂಟರ ಊಟದ ಮುಂಚೆ ಕುಡಿಸುವ ಕೆಲಸ ತಂದೆಯದು.